ಗ್ಯಾಸ್ ಗೀಸರ್ ಹೊತ್ತಿಕೊಂಡು ಆರಿ ಹೋಗುತ್ತಿದೆ, ಸೆನ್ಸರ್ ತೆಗೆಸಬಹುದಾ?

ಪ್ರಶ್ನೆ (ಕೋಲಾರ):
ಎಲ್ಲರಿಗೂ ನಮಸ್ಕಾರ. ನಮ್ಮದು ನಿಮಿಷಕ್ಕೆ 6 ಲೀಟರ್‌ನ ಗ್ಯಾಸ್ ಗೀಸರ್. ಬಾತ್‌ರೂಂ ಒಳಗೇ ಹಾಕಿಸಿದ್ದೇವೆ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಅಂದು ಹೊತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನೀರು ಕೈ ಸುಡುವಷ್ಟು ಬಿಸಿಯಾಗಿ ಉರಿ ಆರಿ ಹೋಗುತ್ತದೆ. ಬ್ಯಾಟರಿ ಹೊಸದು, ಸಿಲಿಂಡರ್ ತುಂಬಿದೆ. ಬೋರ್‌ವೆಲ್ ನೀರು. ಮೊದಲು ನೀಲಿ ಇದ್ದ ಉರಿ ಈಗ ತುದಿಯಲ್ಲಿ ಹಳದಿ. ರಿಪೇರಿಯವರು "ಸೆನ್ಸರ್ ವೈರ್ ಎರಡನ್ನೂ ಸೇರಿಸಿಬಿಡೋಣ, ಆಮೇಲೆ ಆರೋದಿಲ್ಲ" ಅಂತಾರೆ. ಮಾಡಿಸಬಹುದಾ? ಮನೆಯಲ್ಲಿ ಅಮ್ಮ, ಚಿಕ್ಕ ಮಗು ಇದ್ದಾರೆ.

ಉತ್ತರ (ತುಮಕೂರು):
ಬೇಡ ಸರ್, ದಯವಿಟ್ಟು ಮಾಡಿಸಬೇಡಿ. ನೀರು ಮಿತಿ ಮೀರಿ ಕಾದಾಗ ಗ್ಯಾಸ್ ನಿಲ್ಲಿಸುವುದೇ ಆ ಸೆನ್ಸರ್ ಕೆಲಸ. ಅದು ಸರಿಯಾಗಿಯೇ ಇದೆ. ನೀರು ಯಾಕೆ ಅಷ್ಟು ಕಾಯುತ್ತಿದೆ ಅಂತ ಹುಡುಕಬೇಕು.

ಅದಕ್ಕಿಂತ ಮೊದಲು ಹಳದಿ ಉರಿ ವಿಷಯ. ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ. ಬರ್ನರ್‌ನಲ್ಲಿ ಮಸಿ ಕಟ್ಟಿರಬಹುದು, ಇಲ್ಲವೇ ಗಾಳಿ ಸಾಲುತ್ತಿಲ್ಲ. ಆಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ನಿಂತವರಿಗೆ ತಲೆ ಸುತ್ತಿ, ಕೂಗುವ ಮೊದಲೇ ಪ್ರಜ್ಞೆ ತಪ್ಪಬಹುದು. ಇವತ್ತಿನಿಂದಲೇ ಆ ಗೀಸರ್ ಹಚ್ಚಬೇಡಿ. ಸದ್ಯಕ್ಕೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.

ಈಗ ನೀರಿನ ವಿಷಯ. ನಿಮಿಷಕ್ಕೆ 6 ಲೀಟರ್ ಹರಿದಾಗ 25 ಡಿಗ್ರಿ ಏರುವ ನೀರು, ಅದೇ ಉರಿಗೆ 3 ಲೀಟರ್ ಹರಿದರೆ 50 ಡಿಗ್ರಿ ಏರುತ್ತದೆ. ಅಂದರೆ ನಿಮ್ಮಲ್ಲಿ ಹರಿವು ಕಡಿಮೆಯಾಗಿದೆ. ಗ್ಯಾಸ್ ಬಂದ್ ಮಾಡಿ, ಬಿಸಿನೀರಿನ ನಲ್ಲಿಯಿಂದ 10 ಲೀಟರ್ ಬಕೆಟ್ ತುಂಬಿಸಿ ನೋಡಿ. ಸುಮಾರು 100 ಸೆಕೆಂಡಿಗೆ ತುಂಬಬೇಕು. ಆಮೇಲೆ ಶವರ್‌ನಿಂದಲೂ ತುಂಬಿಸಿ.

ಪ್ರಶ್ನೆ ಕೇಳಿದವರು:
ನಲ್ಲಿಯಲ್ಲಿ ಮೂರು ನಿಮಿಷ ದಾಟಿತು, ಶವರ್‌ನಲ್ಲಿ ಇನ್ನೂ ಜಾಸ್ತಿ. ತಣ್ಣೀರಿನ ನಲ್ಲಿ ಮಾತ್ರ ಜೋರಾಗಿ ಬರುತ್ತದೆ.

ಉತ್ತರ (ತುಮಕೂರು):
ತಣ್ಣೀರು ಜೋರಾಗಿದ್ದರೆ ಟ್ಯಾಂಕ್ ಎತ್ತರದ ತೊಂದರೆ ಅಲ್ಲ. ಗೀಸರ್ ಒಳಗೇ ಕಟ್ಟಿಕೊಂಡಿದೆ. ತಣ್ಣೀರು ಒಳಗೆ ಹೋಗುವ ಪೈಪ್ ಬಿಚ್ಚಿದರೆ ಚಿಕ್ಕ ಜಾಲರಿ ಸಿಗುತ್ತದೆ. ಬೋರ್‌ವೆಲ್ ಮರಳು ಅಲ್ಲೇ ಕೂರುವುದು. ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ.

ಆಗಲೂ ಹರಿವು ಬರದಿದ್ದರೆ ತಾಮ್ರದ ಕಾಯಿಲ್ ಒಳಗೆ ಬಿಳಿ ಗಟ್ಟಿ ಪದರ ಕಟ್ಟಿದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ. ಗ್ಯಾಸ್, ನೀರು ಎರಡೂ ಬಂದ್ ಮಾಡಿ, ನೀರಿನ ಎರಡೂ ಪೈಪ್ ಬಿಚ್ಚಿ ಕಾಯಿಲ್‌ಗೆ ತುಂಬಿಸಿ. ಸಣ್ಣ ಗುಳ್ಳೆ ಬರುತ್ತಾ ಪದರ ಕರಗುತ್ತದೆ. ಅರ್ಧ ಗಂಟೆ ಬಿಟ್ಟು ಚೆಲ್ಲಿ, ಒಳ್ಳೇ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಬೇಕಾದರೆ ಮತ್ತೊಮ್ಮೆ ಮಾಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೇಡ, ತಾಮ್ರವನ್ನೇ ತಿಂದುಹಾಕುತ್ತದೆ. ಶವರ್ ಮುಖವನ್ನೂ ಇದೇ ನೀರಲ್ಲಿ ನೆನೆಸಿ.

ಬರ್ನರ್‌ಗೆ ಕೈ ಹಾಕಬೇಡಿ, ಕಂಪನಿ ಸರ್ವಿಸ್‌ನವರೇ ಬರಲಿ.

ಇನ್ನೊಂದು ಉತ್ತರ (ಹಾಸನ):
ಸರ್ವಿಸ್‌ನವರು ಬಂದಾಗಲೇ ಗೀಸರನ್ನು ಆಚೆಗೆ ಹಾಕಿಸಿಬಿಡಿ. ನಮ್ಮನೆಯಲ್ಲಿ ಹಿಂಬದಿ ಗೋಡೆಗೆ, ಮಳೆ ಬೀಳದ ಹಾಗೆ ಸಜ್ಜೆ ಕೆಳಗೆ ಹಾಕಿಸಿದ್ದೇವೆ. ಪೈಪ್ ಸ್ವಲ್ಪ ಉದ್ದವಾಗುತ್ತದೆ, ಮೊದಲು ತಣ್ಣೀರು ಬರುತ್ತದೆ, ಅಷ್ಟೇ. ಗ್ಯಾಸ್ ಪೈಪ್ ತಾರೀಕೂ ನೋಡಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಆದರೂ 5 ವರ್ಷಕ್ಕೆ ಬದಲಾಯಿಸಲೇಬೇಕು.

ಪ್ರಶ್ನೆ ಕೇಳಿದವರು:
ಜಾಲರಿಯಲ್ಲಿ ಒಂದು ಚಮಚ ಮರಳಿತ್ತು! ನಿಂಬೆ ಉಪ್ಪಿನ ನೀರು ಸುಣ್ಣದ ಹಾಗೆ ಬೆಳ್ಳಗೆ ಹೊರಗೆ ಬಂತು. ಈಗ ಬಕೆಟ್ ಎರಡು ನಿಮಿಷದೊಳಗೆ ತುಂಬುತ್ತಿದೆ. ಬರ್ನರ್ ಸರ್ವಿಸ್ ಆಗಿ, ಗೀಸರ್ ಹಿತ್ತಲಿನ ಗೋಡೆಗೆ ಹೋದ ಮೇಲೆಯೇ ಹಚ್ಚುತ್ತೇವೆ. ವೈರ್ ಸೇರಿಸುವುದು ಬೇಡ ಅಂತ ರಿಪೇರಿಯವರಿಗೆ ಹೇಳಿಬಿಟ್ಟೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.