ಫಾಲ್ಟ್, ಎರರ್, ಫೇಲ್ಯೂರ್: ಮೂರಕ್ಕೂ ‘ತಪ್ಪು’ ಸಾಕೇ?

ಗೆಳೆಯರೇ,

ಒಂದು ಪದದ ವಿಚಾರದಲ್ಲಿ ಸಿಕ್ಕಿಕೊಂಡಿದ್ದೇನೆ. ನಾವು ನೋಡಿಕೊಳ್ಳುವ ಕಂಪ್ಯೂಟರ್ ಸಿಸ್ಟಮ್ ನಿಂತುಹೋದಾಗಲೆಲ್ಲ ನಮ್ಮ ತಂಡದವರು ಆಮೇಲೆ ಕೂತು ಒಂದು ವರದಿ ಬರೆಯುತ್ತೇವೆ. ಏನಾಯಿತು, ಯಾಕಾಯಿತು, ಮತ್ತೆ ಆಗದ ಹಾಗೆ ಏನು ಮಾಡಬೇಕು ಅಂತ. ಯಾರನ್ನೂ ದೂರಬಾರದು ಅನ್ನುವುದು ಅದರ ಮೊದಲ ನಿಯಮ. ಆ ವರದಿಯ ನಮೂನೆಯನ್ನು ಕನ್ನಡಕ್ಕೆ ತಂದೆ. ‘ಫಾಲ್ಟ್’ ಇದ್ದ ಕಡೆ ‘ತಪ್ಪು’ ಅಂತ ಹಾಕಿದೆ. ಮೊದಲ ವರದಿಯಲ್ಲೇ ಒಬ್ಬ ಹುಡುಗ ಅಲ್ಲಿ ಬರೆದದ್ದು ಇಷ್ಟು: “ನನ್ನಿಂದಲೇ ತಪ್ಪಾಯಿತು, ಇನ್ನು ಮುಂದೆ ಹುಷಾರಾಗಿರುತ್ತೇನೆ.” ಇಂಗ್ಲಿಷ್ ನಮೂನೆಯಲ್ಲಿ ಇದೇ ಹುಡುಗ ಯಾವ ಫೈಲು, ಯಾವ ಸಾಲು, ಟೆಸ್ಟಿನ ಕಣ್ಣಿಗೆ ಯಾಕೆ ಬೀಳಲಿಲ್ಲ ಅಂತ ಬರೆಯುತ್ತಿದ್ದ.

ಅವನನ್ನು ಏನಂತ ಅನ್ನೋದು? ಪದವೇ ಹಾಗಿದೆ. ‘ತಪ್ಪು’ ಕ್ರಿಯಾಪದವಾಗಿ ಬಂದರೆ ಪಾಪದ್ದು. ಲೆಕ್ಕ ತಪ್ಪಿತು, ದಾರಿ ತಪ್ಪಿತು, ಬಸ್ಸು ತಪ್ಪಿತು. ಯಾರ ಕಡೆಗೂ ಬೊಟ್ಟು ಮಾಡುವುದಿಲ್ಲ. ನಾಮಪದವಾದ ಕೂಡಲೇ ಅದಕ್ಕೊಬ್ಬ ವಾರಸುದಾರ ಬೇಕು: ತಪ್ಪು ಯಾರದು, ತಪ್ಪು ಒಪ್ಪಿಕೋ, ತಪ್ಪಿತಸ್ಥ. ‘ತಪ್ಪಾಯ್ತು’ ಅಂದರೆ ಕ್ಷಮೆ ಕೇಳಿದ ಹಾಗೆಯೇ ಅಲ್ವಾ?

ಫಾಲ್ಟ್, ಎರರ್, ಫೇಲ್ಯೂರ್ ಅನ್ನುವ ಮೂರು ಪದಗಳು ಕಂಪ್ಯೂಟರ್ ವಿದ್ಯೆಯಲ್ಲಿ ಒಂದೇ ಅಲ್ಲ ಅನ್ನುವುದು ಇನ್ನೊಂದು ತೊಡಕು. ಕಂಪ್ಯೂಟರ್ ವಿಜ್ಞಾನಿಗಳಾದ ಅವಿಜಿಯೆನಿಸ್, ಲಾಪ್ರಿ, ರ‍್ಯಾಂಡೆಲ್, ಲ್ಯಾಂಡ್‌ವೆರ್ ಸೇರಿ 2004ರಲ್ಲಿ ಬರೆದ ಲೇಖನದಲ್ಲಿ ಇವನ್ನು ಸರಪಳಿಯಂತೆ ಜೋಡಿಸಿದ್ದಾರೆ. ಫಾಲ್ಟ್ ಅಂದರೆ ಮೂಲ. ಅದು ಎಷ್ಟೋ ಕಾಲ ಸುಮ್ನೆ ಮಲಗಿರಬಹುದು. ಎದ್ದಾಗ ಸಿಸ್ಟಮಿನ ಒಳಗಿನ ಸ್ಥಿತಿ ಕೆಡುತ್ತದೆ, ಅದು ಎರರ್. ಕೆಟ್ಟದ್ದು ಹೊರಗೂ ಬಂದು, ಬಳಸುವವರಿಗೆ ಆಗಬೇಕಾದ ಕೆಲಸ ಆಗದಿದ್ದರೆ ಅದು ಫೇಲ್ಯೂರ್.

1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿಗೆ ಆದದ್ದು ಇದೇ. ಅದರ ದಿಕ್ಕು ಅಳೆಯುವ ಉಪಕರಣದ ಪ್ರೋಗ್ರಾಮ್ ಹಳೆಯ ಏರಿಯಾನ್ 4ರಿಂದ ಬಂದಿತ್ತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಸಾಲಿಗೆ, ಸಂಖ್ಯೆ ತೀರಾ ದೊಡ್ಡದಾದರೆ ಏನು ಮಾಡಬೇಕು ಅನ್ನುವ ಕಾವಲು ಇರಲಿಲ್ಲ. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಹೊಸದರ ಅಡ್ಡವೇಗ ಜಾಸ್ತಿ, ಸಂಖ್ಯೆ ಆ ಜಾಗದಲ್ಲಿ ಹಿಡಿಯಲಿಲ್ಲ, ಉಪಕರಣ ಕೆಲಸ ನಿಲ್ಲಿಸಿತು. ಬದಲಿಗೆ ಅಂತ ಇಟ್ಟಿದ್ದ ಇನ್ನೊಂದರಲ್ಲೂ ಅದೇ ಪ್ರೋಗ್ರಾಮ್! ಅದೂ ಅದೇ ಕಾರಣಕ್ಕೆ ಮಲಗಿತ್ತು. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಚೂರುಚೂರು. ಇಲ್ಲಿ ‘ತಪ್ಪು’ ಯಾರದು ಅಂತ ಕೇಳಿದರೆ ಒಬ್ಬರ ಹೆಸರೇನೋ ಸಿಗಬಹುದು, ಬದಲಿ ಯಾಕೆ ಬದಲಿಯಾಗಲಿಲ್ಲ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ.

ಫಾಲ್ಟ್‌ಗೆ ನನಗೆ ಹೊಳೆದದ್ದು ‘ಹುಳುಕು’. ಹುಳುಕು ಹಲ್ಲು ಇದ್ದ ಹಾಗೆ: ಒಳಗೊಳಗೇ ಇರುತ್ತದೆ, ನೋವು ಆಮೇಲೆ. ಪ್ರೋಗ್ರಾಮಿನ ಫಾಲ್ಟಿಗೆ ಇಂಗ್ಲಿಷಿನಲ್ಲಿ ಬಗ್ ಅನ್ನುತ್ತಾರಲ್ಲ, ಆ ಹುಳವೂ ಅದರಲ್ಲೇ ಇದೆ. ಆದರೆ ‘ಹುಳುಕು ಹುಡುಕುತ್ತಾನೆ’ ಅಂದಾಗ ಮತ್ತೆ ಮನುಷ್ಯರ ಮೇಲೇ ಹೋಗುತ್ತದೆ. ‘ಐಬು’ ಕೂಡ ಇದೆ, ‘ಮೋಟಾರಿನಲ್ಲಿ ಏನೋ ಐಬಿದೆ’ ಅನ್ನುತ್ತೇವಲ್ಲ. ‘ದೋಷ’ ಬರವಣಿಗೆಗೆ ಆದೀತು, ಆದರೆ ಫಾಲ್ಟ್ ಇದ್ದರೂ ಕೆಲಸ ನಿಲ್ಲಿಸದ ಗುಣಕ್ಕೆ (ಫಾಲ್ಟ್ ಟಾಲರೆನ್ಸ್) ‘ದೋಷಸಹಿಷ್ಣುತೆ’ ಅಂತ ಮೀಟಿಂಗಿನಲ್ಲಿ ಹೇಳಲು ನನಗಂತೂ ಬಾಯಿ ಬರುವುದಿಲ್ಲ. ‘ಹುಳುಕು ತಾಳುವ ಸಿಸ್ಟಮ್’ ಅಂದರೆ ಅರ್ಥವಾಗುತ್ತದೆ.

ಎರರ್‌ಗೆ ‘ಏರುಪೇರು’ ಸಾಕು ಅನಿಸುತ್ತದೆ.

ಫೇಲ್ಯೂರ್‌ಗೆ ‘ವೈಫಲ್ಯ’ ನನಗೆ ಹಿಡಿಸಿಲ್ಲ. ಯಾರೋ ಪ್ರಯತ್ನಪಟ್ಟು ಸೋತಂತೆ ಕೇಳಿಸುತ್ತದೆ. ‘ಕೈಕೊಡು’ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಸರ್ವರ್ ಕೈಕೊಟ್ಟಿತು ಅಂತ ದಿನಾ ಅನ್ನುತ್ತೇವೆ. ಯಾರೂ ನೆಚ್ಚಿಕೊಳ್ಳದ ಯಂತ್ರ ಕೈಕೊಡುವುದು ಎಲ್ಲಿಂದ? ಒಳಗೆ ಎಷ್ಟೇ ಏರುಪೇರಾಗಲಿ, ನೆಚ್ಚಿಕೊಂಡವರಿಗೆ ತಟ್ಟಿದಾಗಲೇ ಈ ಮಾತು ಬರುತ್ತದೆ. ಆ ನಾಲ್ವರ ವಿವರಣೆಯೂ ಇದೇ ತಾನೇ? ಹಾಗಾದರೆ ರಿಲಯಬಲ್ ಅನ್ನುವುದಕ್ಕೆ ‘ನೆಚ್ಚಿನ’ ಅಂತ ಹಾಕೋಣವೆಂದರೆ, ಆ ಪದ ಈಗ ನೆಚ್ಚಿನ ನಟ, ನೆಚ್ಚಿನ ಹಾಡು ಅಂತ ‘ಇಷ್ಟದ’ ಕಡೆಗೆ ಜಾರಿಬಿಟ್ಟಿದೆ. ‘ನೆಚ್ಚಬಹುದಾದ’ ಅಂತ ಉದ್ದ ಮಾಡಿಯೇ ಬರೆಯುತ್ತಿದ್ದೇನೆ.

ಈಗ ನನ್ನ ಪ್ರಶ್ನೆ. ‘ಕೈಕೊಡು’ವಿಗೆ ಬಳಸಲು ಬರುವಂಥ ನಾಮಪದ ಇದೆಯೇ? ‘ಕೈಕೊಡುವಿಕೆ’ ಅಂತ ನಮೂನೆಯಲ್ಲಿ ಬರೆದು ನೋಡಿದೆ, ತಂಡದವರು ನಕ್ಕರು. ಮತ್ತೆ, ನಿಮ್ಮ ಕಡೆ ‘ಹುಳುಕು’ ಅಂದರೆ ಬೈಗುಳದ ಹಾಗೆ ಕೇಳಿಸುತ್ತದೆಯೇ, ಇಲ್ಲ ಬರೀ ವಸ್ತುವಿನ ಮಾತೇ?