ಮಿಡ್ ಸೆಂಚುರಿ ಮಾಡರ್ನ್: ಇಲ್ಲಿ 'ಮಾಡರ್ನ್' ಅಂದರೆ ಆಧುನಿಕವೋ, ನವ್ಯವೋ?

ಗೆಳೆಯರೇ,

ಎರಡನೇ ಮಹಾಯುದ್ಧ ಮುಗಿದ ಮೇಲೆ, ಸುಮಾರು 1945ರಿಂದ 1969ರವರೆಗೆ ಬಂದ ಮನೆ, ಪೀಠೋಪಕರಣ, ಮಣ್ಣಿನ ಪಾತ್ರೆಗಳ ಶೈಲಿಯನ್ನು ಮಿಡ್ ಸೆಂಚುರಿ ಮಾಡರ್ನ್ ಅನ್ನುತ್ತಾರೆ. ಇದರ ಬಗ್ಗೆ ಕನ್ನಡದಲ್ಲಿ ಬರೆಯುವಾಗ 'ಆಧುನಿಕ' ಎಂಬ ಪದ ನನಗೆ ತೊಡಕಾಗಿದೆ.

'ಆಧುನಿಕ ಕುರ್ಚಿ' ಅಂದರೆ ಓದುವವರಿಗೆ ಹೊಳೆಯುವುದು ಈಗಿನ ಕಾಲದ ಕುರ್ಚಿ, ಅಲ್ವಾ? ಆದರೆ ಡೆನ್ಮಾರ್ಕಿನ ಹಾನ್ಸ್ ವೆಗ್ನರ್ ವಿಶ್‌ಬೋನ್ ಕುರ್ಚಿಯನ್ನು ರೂಪಿಸಿದ್ದು 1949ರಲ್ಲಿ. ಹಬೆ ಕೊಟ್ಟು ಬಾಗಿಸಿದ ಒಂದೇ ಮರದ ಪಟ್ಟಿ ಕೈಗೂ ಆಗುತ್ತದೆ, ಬೆನ್ನಿಗೂ ಆಗುತ್ತದೆ. ಅದನ್ನು ಹಿಂದಿನಿಂದ ಹಿಡಿದಿರುವುದು ಕವೆಯ ಆಕಾರದ ಇನ್ನೊಂದು ತುಂಡು. ಕೂರುವ ಜಾಗವನ್ನು ಕಾಗದದ ಹುರಿಯಿಂದ ಕೈಯಲ್ಲೇ ಹೆಣೆಯುತ್ತಾರೆ. ಕೆತ್ತನೆ ಇಲ್ಲ, ಬಣ್ಣದ ಚಿತ್ತಾರ ಇಲ್ಲ. ಯಾವ ಭಾಗ ಯಾವುದನ್ನು ಹೊತ್ತಿದೆ ಅಂತ ನೋಡಿದರೇ ಗೊತ್ತಾಗುತ್ತದೆ. ಅಂದವೂ ಅದರಲ್ಲೇ ಇದೆ. 'ಮಾಡರ್ನ್' ಹೇಳುತ್ತಿರುವುದು ಈ ನಿಲುವನ್ನು.

ಹಾಗಾಗಿ 'ನವ್ಯ' ಹೊಂದುತ್ತದೆ ಎಂದು ನನ್ನ ಅನಿಸಿಕೆ. ನಮ್ಮ ನವ್ಯ ಕಾವ್ಯ ಗಟ್ಟಿಯಾಗಿ ನೆಲೆನಿಂತದ್ದೂ ಐವತ್ತರ ದಶಕದಲ್ಲೇ. ನವ್ಯ ಕವಿತೆ ಅಂದಾಗ ಮೊನ್ನೆ ಬರೆದ ಕವಿತೆ ಅಂತ ಯಾರೂ ತಿಳಿಯುವುದಿಲ್ಲ. ಒಂದೇ ಒಂದು ಹಿಂಜರಿಕೆ ಇದೆ: ಸಾಹಿತ್ಯ ಓದಿದವರಿಗೆ ನವ್ಯ ಅಂದ ಕೂಡಲೇ ಒಂಟಿತನ, ತಳಮಳ ನೆನಪಾಗುತ್ತವೆ. ಆದರೆ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1949ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಟ್ಟಿಕೊಂಡ ಮನೆಯನ್ನು ನೋಡಿ. ಕಾರ್ಖಾನೆಯಿಂದ ಬಂದ ಉಕ್ಕಿನ ಚೌಕಟ್ಟು, ನಡುನಡುವೆ ಬಣ್ಣದ ಹಲಗೆ, ಉದ್ದಕ್ಕೂ ಗಾಜು. ಬೆಳಕೋ ಬೆಳಕು! ಆ ಗೆಲುವು 'ನವ್ಯ'ದಲ್ಲಿ ಬರುತ್ತದೆಯೇ?

'ಮಿಡ್ ಸೆಂಚುರಿ'ಯನ್ನು ಬಿಟ್ಟರೂ ನಡೆದೀತು. ಆ ಕಾಲದವರು ಸುಮ್ನೆ ಮಾಡರ್ನ್ ಅನ್ನುತ್ತಿದ್ದರು. ಪೂರ್ತಿ ಹೆಸರು ಎಲ್ಲೆಡೆ ಬಳಕೆಗೆ ಬಂದದ್ದು 1984ರಲ್ಲಿ, ಕಾರಾ ಗ್ರೀನ್‌ಬರ್ಗ್ ಅವರ ಪುಸ್ತಕದಿಂದ. 'ಯುದ್ಧಾನಂತರದ ನವ್ಯ ಶೈಲಿ' ಅಂದರೆ ಸಾಕಲ್ಲವೇ?

ಇನ್ನೊಂದು ಪದ 'ಮೆರುಗು'. ಗ್ಲೇಜ್‌ಗೆ, ಅಂದರೆ ಮಣ್ಣಿನ ಪಾತ್ರೆಗೆ ಬಳಿದು ಸುಟ್ಟಾಗ ಗಾಜಿನಂತೆ ಅಂಟಿಕೊಳ್ಳುವ ಪದರಕ್ಕೆ, ಇದನ್ನೇ ಬಳಸುವುದು ಜಾಸ್ತಿ. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ಕುಂಬಾರ ಕಲಾವಿದೆ ಲೂಸಿ ರೀ ಇನ್ನೂ ಸುಡದ ಬಟ್ಟಲಿಗೇ ಗ್ಲೇಜನ್ನು ಕುಂಚದಿಂದ ಬಳಿದು, ಒಂದೇ ಸಲ ಸುಡುತ್ತಿದ್ದರು. ಅವರ ಎಷ್ಟೋ ಬಟ್ಟಲುಗಳ ಮೈ ಗುಳಿಗುಳಿಯಾಗಿ, ಒರಟಾಗಿದೆ. ಮಿರುಗುವುದೇ ಇಲ್ಲ. ಅದನ್ನೇ ಮೆಚ್ಚಿ ಬರೆಯುತ್ತಾ 'ಇದರ ಮೆರುಗು ಒರಟು' ಅನ್ನುವುದು ಹೇಗೆ? ಪಿಂಗಾಣಿ ಅನ್ನಲೂ ಮನಸ್ಸಿಲ್ಲ. ಆ ಪದ ಬಿಳುಪು, ನುಣುಪನ್ನು ಕಣ್ಣ ಮುಂದೆ ತರುತ್ತದೆ. ಸದ್ಯಕ್ಕೆ 'ಲೇಪ' ಎಂದು ಬರೆದಿಟ್ಟಿದ್ದೇನೆ. ಮಣ್ಣಿನ ಕೆಲಸ ಮಾಡುವವರು ಯಾರಾದರೂ ಇದ್ದರೆ, ನೀವು ಮಾತಿನಲ್ಲಿ ಏನನ್ನುತ್ತೀರಿ ಎಂದು ದಯವಿಟ್ಟು ತಿಳಿಸಿ. ಮಿರುಗುವ ಗ್ಲೇಜಿಗೂ ಮಿರುಗದ ಗ್ಲೇಜಿಗೂ ಬೇರೆಬೇರೆ ಪದಗಳಿದ್ದರೆ ಎರಡನ್ನೂ ಹೇಳಿ.