ಮೇಲಿನ ಹಾಲ್ ಖಾಲಿ, ಎಲ್ಲರೂ ಕೆಳಗಿನ ಹಾಲ್‌ನಲ್ಲೇ. ಏನು ಮಾಡಲಿ?

ಮೈಸೂರು ಗೃಹಿಣಿ, ಏಪ್ರಿಲ್ ಮೊದಲ ವಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ 30×40 ಸೈಟಿನ ಡ್ಯೂಪ್ಲೆಕ್ಸ್ ಮನೆ. 2012ರಲ್ಲಿ ಕಟ್ಟಿಸಿದೆವು. ಕೆಳಗೆ ಹಾಲ್, ಅಡುಗೆಮನೆ, ದೇವರಮನೆ, ಅತ್ತೆಯ ರೂಮು. ಮೇಲೆ ಎರಡು ರೂಮು, ಜೊತೆಗೆ ಹಿಂಭಾಗದಲ್ಲಿ 12×15 ಅಡಿಯ ಇನ್ನೊಂದು ಹಾಲ್. ಪ್ಲಾನ್ ಹಾಕಿದವರು "ಮೇಲೊಂದು ಫ್ಯಾಮಿಲಿ ಹಾಲ್ ಇರಲಿ, ಮುಂದೆ ಬೇಕಾಗುತ್ತೆ" ಅಂದರು. ನಾವೂ ಹೂಂ ಅಂದೆವು.

ಅಲ್ಲಿ ಈಗ ಏನಿದೆ ಅಂತ ಹೇಳಿಬಿಡುತ್ತೇನೆ. ನಾದಿನಿ ಮನೆ ಬದಲಾಯಿಸುವಾಗ ಕೊಟ್ಟ ಸೋಫಾ ಸೆಟ್. ದಸರಾ ಗೊಂಬೆಗಳ ನಾಲ್ಕು ಟ್ರಂಕು, ಗೊಂಬೆ ಕೂರಿಸುವ ಹಲಗೆಗಳು. ಇಸ್ತ್ರಿ ಟೇಬಲ್. ಟೆರೇಸಿನಿಂದ ತಂದು ಸೋಫಾ ಮೇಲೆ ಸುರಿದ ಬಟ್ಟೆ. ಯಾರೂ ಅಲ್ಲಿ ಕೂರುವುದಿಲ್ಲ. ಹತ್ತಿ ಹೋಗಿ ಬಟ್ಟೆ ತೆಗೆದುಕೊಂಡು ಇಳಿದು ಬರುತ್ತಾರೆ, ಅಷ್ಟೇ.

ಕೆಳಗೆ ಮಾತ್ರ ಜಾಗ ಸಾಲುತ್ತಿಲ್ಲ. ಮಗನಿಗೆ ಜೂನ್‌ನಿಂದ ಸೆಕೆಂಡ್ ಪಿಯು. ಅವನು ಊಟದ ಟೇಬಲ್ ಮೇಲೆ ಓದುತ್ತಾನೆ. ಅವನ ರೂಮಿನಲ್ಲಿ ತಂಗಿಯೂ ಇರುವುದರಿಂದ ಅಲ್ಲಿ ಓದು ಸಾಗುವುದಿಲ್ಲ. ಮಗಳು ವೀಣೆ ಕಲಿಯುತ್ತಿದ್ದಾಳೆ. ವೀಣೆ ಇಡುವುದಕ್ಕೆ ಜಾಗವಿಲ್ಲದೆ ನಮ್ಮ ಮಂಚದ ಪಕ್ಕ ಗೋಡೆಗೆ ತಾಗಿಸಿಟ್ಟಿದ್ದೇವೆ. ಯಜಮಾನರಿಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ.

ನನಗೆ ನಿಜವಾಗಿ ಬೇಜಾರಾಗಿದ್ದು ಮೊನ್ನೆ. ರಾತ್ರಿ ಎಂಟೂವರೆಗೆ ಅಡುಗೆಮನೆಯಿಂದ ಬಂದೆ. ಅತ್ತೆ ಟಿವಿ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಸೌಂಡ್ ಪೂರ್ತಿ ಬಂದ್. ರಿಮೋಟು ಮಡಿಲಲ್ಲಿ. ಬರೀ ಮುಖಗಳನ್ನು ನೋಡುತ್ತಿದ್ದರು. "ಅವರು ಏನು ಮಾತಾಡ್ತಿದಾರೆ ಅಂತ ಗೊತ್ತಾಗುತ್ತಾ ಅತ್ತೆ?" ಅಂದೆ. "ಅತ್ತರೆ ಗೊತ್ತಾಗುತ್ತೆ, ಬೈದರೆ ಗೊತ್ತಾಗುತ್ತೆ. ಸಾಕು. ಮಗು ಓದಲಿ ಬಿಡು" ಅಂದರು. 76 ವರ್ಷದ ಜೀವ. ದಿನಕ್ಕೆ ಒಂದೇ ಒಂದು ಧಾರಾವಾಹಿ ನೋಡುವುದು. ಅದೂ ಹೀಗೆ. ತಲೆಯ ಮೇಲೆ 180 ಚದರ ಅಡಿ ಖಾಲಿ ಬಿದ್ದಿದೆ ಅನ್ನುವುದು ನೆನಪಾಗಿ ಅವತ್ತು ನಿದ್ದೆ ಬರಲಿಲ್ಲ.

ಯಜಮಾನರು ಮೇಲೆ ದೊಡ್ಡ ಟಿವಿ ಹಾಕಿ ಹೋಂ ಥಿಯೇಟರ್ ಮಾಡೋಣ ಅನ್ನುತ್ತಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ, ಆದರೆ ಬೇರೇನು ಮಾಡಬೇಕು ಅಂತಲೂ ಹೊಳೆಯುತ್ತಿಲ್ಲ. ಇನ್ನೂ ಮೂರು ವಿಷಯ ಇವೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಹತ್ತುವುದಿಲ್ಲ. ಮೇಲಿನ ಹಾಲ್‌ಗೆ ಪಶ್ಚಿಮದ ಕಿಟಕಿ, ಸಂಜೆ ಕಾವಲಿ ಕಾದ ಹಾಗೆ ಇರುತ್ತೆ. ಬಾಗಿಲಿಲ್ಲ, ಮೆಟ್ಟಿಲಿಗೆ ತೆರೆದುಕೊಂಡಿದೆ, ಹಾಗಾಗಿ ಕೆಳಗಿನ ಸದ್ದೆಲ್ಲ ಮೇಲೆ ಬರುತ್ತೆ. ಖರ್ಚು 60 ಸಾವಿರದ ಒಳಗೆ ಮುಗಿಯಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿರಸಿ ಕಡೆಯವಳು

ತಂಗಿ, ನಿನ್ನ ಅತ್ತೆಯ ವಿಷಯ ಓದಿ ಕಣ್ಣು ತುಂಬಿತು.

ನಮ್ಮ ಹಳೇ ಮನೆಯಲ್ಲಿ ಜಗಲಿ ಒಂದು, ಒಳಗೆ ನಡುಮನೆ ಒಂದು. ನೀನು ಹೇಳುವ ಎರಡು ಹಾಲ್ ಅಂದರೆ ಅದೇ ತಾನೇ. ಎರಡೂ ಯಾವತ್ತೂ ಖಾಲಿ ಇದ್ದದ್ದು ನೋಡಿಲ್ಲ. ಏಕೆ ಅಂದರೆ ಎರಡಕ್ಕೂ ಕೆಲಸ ಇತ್ತು. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಹತ್ತು ಜನ ಅಡಿಕೆ ಸುಲಿಯಲು ಕೂರುತ್ತಿದ್ದರು. ಮೆಟ್ಟುಗತ್ತಿಯ ಸದ್ದು, ಮಧ್ಯೆ ಮಧ್ಯೆ ಕಷಾಯ. ಮಕ್ಕಳು ಅಲ್ಲೇ ಕಂಬಳಿ ಮೇಲೆ ನಿದ್ದೆ ಹೋಗುತ್ತಿದ್ದವು. ಅಲ್ಲಿ ಸೋಫಾ ಇತ್ತಾ? ಎರಡು ಮಂದಲಿಗೆ ಚಾಪೆ, ಒಂದು ಮಣೆ, ಎಲೆಅಡಿಕೆ ಕವಳದ ತಬಕು. ಮುಗೀತು.

ಹಾಗಾಗಿ ಮೊದಲು ಏನೂ ಕೊಂಡುಕೊಳ್ಳಬೇಡ. ಸೋಫಾ ಯಾರಿಗಾದರೂ ಕೊಟ್ಟುಬಿಡು. ಬೇರೆ ಮನೆಯ ಅಳತೆಗೆ ತಂದ ಸಾಮಾನು ಅದು, ನಿನ್ನ ಮನೆಯ ಜಾಗ ತಿನ್ನುತ್ತಿದೆ. ಹಾಲ್ ಪೂರ್ತಿ ಗುಡಿಸಿ ಒರೆಸಿ ಒಂದು ಚಾಪೆ ಹಾಸು. ನಾಲ್ಕೂವರೆ ಕಾಫಿಯನ್ನು ಒಂದು ವಾರ ಫ್ಲಾಸ್ಕಿನಲ್ಲಿ ಹಾಕಿಕೊಂಡು ಮೇಲೆ ಹೋಗು. ಬಟ್ಟೆ ಮಡಚುವ ಕೆಲಸ ಅಲ್ಲೇ ಮಾಡು. ತಾಯಿ ಎಲ್ಲಿ ಕೂರುತ್ತಾಳೋ ಮಕ್ಕಳು ಅಲ್ಲಿಗೆ ಬರುತ್ತವೆ. ಯಾರು ಯಾವ ಮೂಲೆಗೆ ಹೋಗಿ ಕೂರುತ್ತಾರೆ ಅಂತ ನೋಡಿಕೊಂಡು ಆಮೇಲೆ ಸಾಮಾನು ತರು.

ಟಿವಿ ಮೇಲೆ ಹಾಕಬೇಡ. ಮನೆಮಂದಿಯೆಲ್ಲ ಮೇಲೆ ಹೋಗಿ ಕೂತರೆ ಮೆಟ್ಟಿಲು ಹತ್ತಲಾರದವರು ಕೆಳಗೆ ಒಬ್ಬರೇ ಆಗುತ್ತಾರೆ.

ಧಾರವಾಡ ಸಿವಿಲ್ ಎಂಜಿನಿಯರ್

ಅಕ್ಕಾವರೆ, ಶಿರಸಿಯ ಅಕ್ಕ ಹೇಳಿದ್ದು ಸರಿ ಇದೆ, ಆದರೆ ಸೆಕೆಗೆ ದಾರಿ ಮಾಡದೆ ಯಾರೂ ಅಲ್ಲಿ ಕೂರುವುದಿಲ್ಲ. ಫ್ಲಾಸ್ಕ್ ಒಯ್ದರೂ ಕಾಫಿ ಕುಡಿದು ಓಡಿ ಬರುತ್ತೀರಿ. ಅದಕ್ಕೆ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಹಾಲ್‌ಗೆ ಬಿಸಿಲು ಮೂರು ಕಡೆಯಿಂದ ಬರುತ್ತಿದೆ. ಒಂದು, ತಲೆ ಮೇಲಿನ ಆರ್‌ಸಿಸಿ ಸ್ಲ್ಯಾಬ್. ಎರಡು, ಪಶ್ಚಿಮದ ಗೋಡೆ. ಮೂರು, ಕಿಟಕಿಯ ಗಾಜು. ಸ್ಲ್ಯಾಬು ಇಡೀ ದಿನ, ಗೋಡೆ ಮಧ್ಯಾಹ್ನದ ಮೇಲೆ ಬಿಸಿಲು ಕುಡಿದು, ಸಂಜೆ ಮೇಲೆ ನಿಧಾನವಾಗಿ ಒಳಗೆ ಬಿಡುತ್ತವೆ. ಅದಕ್ಕೇ ಸೂರ್ಯ ಮುಳುಗಿದ ಮೇಲೂ ಬೇಯುತ್ತದೆ. ನಿಮ್ಮ ಹುಡುಗ ಓದಲು ಕೂರುವ ಹೊತ್ತೂ ಅದೇ.

ಟೆರೇಸಿಗೆ ಬಿಳಿ ಬಣ್ಣ ಹೊಡೆಸಿ. ಸುಣ್ಣಕ್ಕೆ ಅಂಟು ಕಲಸಿ ಹೊಡೆದರೂ ಆಗುತ್ತದೆ, ಅಗ್ಗ. ಆದರೆ ಮಳೆಗೆ ತೊಳೆದುಹೋಗುತ್ತದೆ, ವರ್ಷ ವರ್ಷ ಮಾಡಬೇಕು. ಕೂಲ್ ರೂಫ್ ಪೇಂಟ್ ಅಂತ ಸಿಗುವುದು ದುಬಾರಿ, ಜಾಸ್ತಿ ದಿನ ಬಾಳುತ್ತದೆ. ಯಾವುದೇ ಇರಲಿ, ಮೊದಲು ಟೆರೇಸ್ ತಿಕ್ಕಿ ತೊಳೆದು, ಬಿರುಕು ಮುಚ್ಚಿ, ಎರಡು ಕೋಟ್ ಹೊಡೆಸಿ.

ಕಿಟಕಿಗೆ ಒಳಗಡೆ ದಪ್ಪ ಕರ್ಟನ್ ಹಾಕಿದರೆ ಬೆಳಕು ಹೋಗುತ್ತದೆ, ಬಿಸಿ ಹೋಗುವುದಿಲ್ಲ. ಗಾಜು ದಾಟಿದ ಬಿಸಿಲು ಒಳಗೆ ಬಂದ ಹಾಗೇ ಲೆಕ್ಕ. ಗಾಜಿನ ಹೊರಗಡೆಯೇ ತಡೆಯಬೇಕು. ಹೊರಗೆ ಬಿದಿರಿನ ಪರದೆ ಇಳಿಬಿಡಿ, ಮಧ್ಯಾಹ್ನ ಒಂದಕ್ಕೆ ಇಳಿಸಿ ಸಂಜೆ ಸುತ್ತಿಡಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲೂ ನಿಮಗೆ ರಾತ್ರಿ ತಂಪು ಸಿಗುತ್ತದೆ. ಅದನ್ನು ಬಳಸಿಕೊಳ್ಳಿ. ಬಿಸಿಗಾಳಿ ಮೆಟ್ಟಿಲಿನ ಮೇಲ್ಗಡೆ, ಟೆರೇಸ್ ಬಾಗಿಲ ಹತ್ತಿರ ಹೋಗಿ ನಿಂತಿರುತ್ತದೆ. ಅಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ ರಾತ್ರಿ ಒಂದೆರಡು ತಾಸು ಓಡಿಸಿ, ಕಿಟಕಿ ತೆರೆದಿಡಿ.

ಸದ್ದಿನ ವಿಷಯ. ಬರೀ ಟೈಲ್ಸು, ಬರೀ ಗೋಡೆ ಇದ್ದರೆ ಸದ್ದು ಪ್ರತಿಧ್ವನಿಸುತ್ತದೆ. ನೆಲಕ್ಕೆ ದಪ್ಪ ಹತ್ತಿ ಜಮಖಾನ ಹಾಸಿ. ನಮ್ಮ ಜಿಲ್ಲೆಯ ನವಲಗುಂದದ ಜಮಖಾನ ನೋಡಿ, ಹೆಣ್ಣುಮಕ್ಕಳೇ ಮಗ್ಗದಲ್ಲಿ ನೇಯುತ್ತಾರೆ, ಆ ಊರಿನದ್ದೇ ವಿಶೇಷ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿದ ಕಸುಬು. ಮೆಟ್ಟಿಲಿನ ಬಾಯಿಗೆ ನೆಲ ಮುಟ್ಟುವ ದಪ್ಪ ಪರದೆ ಹಾಕಿಸಿ. ಸದ್ದು ಪೂರ್ತಿ ನಿಲ್ಲುವುದಿಲ್ಲ, ಮಾತು ಸ್ವಲ್ಪ ಅಸ್ಪಷ್ಟವಾಗುತ್ತದೆ. ಓದುವ ಹುಡುಗನಿಗೆ ಸದ್ದಿಗಿಂತ ಅರ್ಥವಾಗುವ ಮಾತೇ ಹೆಚ್ಚು ತೊಂದರೆ ಕೊಡುವುದು.

ಟೇಬಲ್ ಎಲ್ಲಿ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಹಾಕಿ, ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ. ಬಲಗೈಯಲ್ಲಿ ಬರೆಯುವವರಾದರೆ ಬೆಳಕು ಎಡಗಡೆಯಿಂದ ಬರಬೇಕು. ತೂಗುಯ್ಯಾಲೆ ಹಾಕುವ ಆಸೆ ಯಾರಿಗಾದರೂ ಬಂದರೆ ಸ್ಲ್ಯಾಬಿಗೆ ಡ್ರಿಲ್ ಹಾಕುವ ಮುಂಚೆ ಯಾರಾದರೂ ಎಂಜಿನಿಯರ್‌ಗೆ ತೋರಿಸಿ. ಹಳೇ ಮನೆಗಳಲ್ಲಿ ಅದು ಮರದ ತೊಲೆಗೆ ಕಟ್ಟುತ್ತಿದ್ದ ವಸ್ತು.

ವೀಣೆ ಪಾಠ ಹೇಳುವವಳು

ಒಂದೇ ಮಾತು ಮೇಡಂ. ವೀಣೆಯನ್ನು ಪಶ್ಚಿಮದ ಗೋಡೆ ಹತ್ತಿರ ಇಡಲೇಬೇಡಿ. ವೀಣೆಯಲ್ಲಿ ತಂತಿ ಒತ್ತುವ ಲೋಹದ ಪಟ್ಟಿಗೂ ಮೆಟ್ಟಿಲು ಅಂತಲೇ ಹೆಸರು, ಆ 24 ಮೆಟ್ಟಿಲನ್ನೂ ಮೇಣದಲ್ಲಿ ಕೂರಿಸಿರುತ್ತಾರೆ. ಬಿಸಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಅಲುಗಾಡಿ ಶ್ರುತಿ ಕೆಡುತ್ತದೆ, ಮತ್ತೆ ಕಟ್ಟಿಸಲು ಸಾವಿರಾರು ರೂಪಾಯಿ. ಬಿಸಿಲು ಬೀಳದ ಒಳಗೋಡೆಯ ಪಕ್ಕ, ಮೇಲೆ ಒಂದು ಹತ್ತಿ ಬಟ್ಟೆ ಹೊದಿಸಿ ಇಡಿ. ವೀಣೆ ಕಣ್ಣಿಗೆ ಕಾಣುವ ಜಾಗದಲ್ಲಿದ್ದರೆ ಮಕ್ಕಳು ದಿನಾ ಮುಟ್ಟುತ್ತಾರೆ. ಮಂಚದ ಪಕ್ಕದಿಂದ ಎತ್ತಿ ತರಬೇಕು ಅಂದರೆ ನಾಳೆ ನುಡಿಸೋಣ ಅಂತ ಆಗಿಬಿಡುತ್ತದೆ.

ನ್ಯೂಜೆರ್ಸಿಯಿಂದ

ಇಲ್ಲಿ ಸುಮಾರು ಮನೆಗಳಲ್ಲಿ ಎರಡು ಹಾಲ್ ಇರುತ್ತವೆ. ಮುಂದುಗಡೆ ಬಂದವರಿಗೆ ಅಂತ ಒಂದು ಲಿವಿಂಗ್ ರೂಮು, ಹಿಂದುಗಡೆ ಅಡುಗೆಮನೆಗೆ ಅಂಟಿಕೊಂಡು ಫ್ಯಾಮಿಲಿ ರೂಮು. ನಮ್ಮ ಮುಂದಿನ ರೂಮು ಆರು ವರ್ಷ ಕಾಲಿಡದ ಕಾರ್ಪೆಟ್ ಆಗಿತ್ತು. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಹಾಸನದಿಂದ ಬಂದಾಗ ಬದಲಾಯಿತು. ಮಲಗುವ ರೂಮೆಲ್ಲ ಮೇಲೆ. ಅಪ್ಪನಿಗೆ ಹಗಲು ಹೊತ್ತು ಇರಲು ಜಾಗವಿಲ್ಲ. ಫ್ಯಾಮಿಲಿ ರೂಮಿನಲ್ಲಿ ನಾನು ಆಫೀಸ್ ಕಾಲ್‌ನಲ್ಲಿ ಇರುತ್ತಿದ್ದೆ, ಅವರು ಕೆಮ್ಮು ಬಂದರೂ ತಡೆದುಕೊಂಡು ಕೂರುತ್ತಿದ್ದರು.

ಮುಂದಿನ ರೂಮಿನ ಕಿಟಕಿಗೆ ಒಂದು ದಿವಾನ, ಪಕ್ಕದಲ್ಲಿ ಚಿಕ್ಕ ಟೇಬಲ್, ರೇಡಿಯೋ ಇಟ್ಟೆವು. ಎರಡೇ ದಿನದಲ್ಲಿ ಅದು ಅಪ್ಪನ ಜಾಗ ಆಯಿತು. ಸ್ಕೂಲ್ ಬಸ್ ಎಷ್ಟು ಹೊತ್ತಿಗೆ ಬರುತ್ತೆ, ಅಂಚೆ ಗಾಡಿ ಇವತ್ತು ಏಕೆ ತಡ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಅವರು ವಾಪಸ್ ಹೋಗಿ ವರ್ಷವಾಯಿತು. ಮಗಳು ಈಗ ಅದೇ ದಿವಾನದ ಮೇಲೆ ಕೂತು ಓದುತ್ತಾಳೆ.

ನಿಮ್ಮ ಪೋಸ್ಟ್ ನೋಡಿದರೆ ಮೇಲಿನ ಹಾಲ್ ಯಾರಿಗೆ ಅನ್ನುವುದಕ್ಕಿಂತ ಕೆಳಗಿನ ಹಾಲ್ ಯಾರಿಗೆ ಅಂತ ಮೊದಲು ಗೊತ್ತುಮಾಡುವುದು ಒಳ್ಳೆಯದು ಅನ್ನಿಸುತ್ತೆ. ಅದನ್ನು ನಿಮ್ಮ ಅತ್ತೆಗೆ ಬಿಟ್ಟುಕೊಡಿ. ಹತ್ತುವ ಕಾಲು ಇರುವವರು ಹತ್ತಲಿ.

ಮೈಸೂರು ಗೃಹಿಣಿ, ಜೂನ್ ಎರಡನೇ ವಾರ

ಎರಡು ತಿಂಗಳಾಯಿತು, ಆದದ್ದನ್ನು ಹೇಳಬೇಕು ಅಲ್ವಾ.

ನ್ಯೂಜೆರ್ಸಿಯವರ ಕೊನೆಯ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಥಿಯೇಟರ್ ಮಾತು ಎತ್ತಲಿಲ್ಲ.

ಸೋಫಾವನ್ನು ನಮ್ಮ ರಸ್ತೆಯ ಟೈಲರಿಂಗ್ ಅಂಗಡಿಯವರು ತೆಗೆದುಕೊಂಡು ಹೋದರು. ಟ್ರಂಕುಗಳು ರೂಮಿನ ಸಜ್ಜೆ ಮೇಲೆ ಹೋದವು. ಟೆರೇಸಿಗೆ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡೆಸಿದೆವು, ಜಾಸ್ತಿ ದುಡ್ಡು ಹೋದದ್ದು ಅದಕ್ಕೇ. ಹೊರಗೆ ಬಿದಿರಿನ ಪರದೆ. ಬಣ್ಣ ಹೊಡೆದ ಮಾರನೇ ದಿನ ಮಧ್ಯಾಹ್ನ ಬರಿಗಾಲಲ್ಲಿ ಟೆರೇಸಿಗೆ ಹೋಗಿ ನಿಂತೆ. ಕಾಲು ಸುಡಲಿಲ್ಲ! ಕಣ್ಣು ಮಾತ್ರ ಕೋರೈಸುತ್ತೆ. ಹಾಲ್‌ನಲ್ಲಿ ಮೇ ತಿಂಗಳಲ್ಲೂ ಸಂಜೆ ಏಳಕ್ಕೆ ಫ್ಯಾನ್ ಹಾಕಿಕೊಂಡು ಕೂರಬಹುದಿತ್ತು.

ಒಂದು ವಾರ ಫ್ಲಾಸ್ಕ್ ಒಯ್ದೆ ಅಕ್ಕ, ನೀವು ಹೇಳಿದ ಹಾಗೇ. ಮೊದಲ ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಮಗಳು ಲೋಟ ಹಿಡಿದುಕೊಂಡು ಬಂದು ಒಳಗೋಡೆಗೆ ಒರಗಿ ಕೂತಳು. ನಾಲ್ಕನೇ ದಿನವೂ ಅಲ್ಲೇ. ವೀಣೆ ಅಲ್ಲಿಗೇ ಬಂತು. ಮಗನ ಟೇಬಲ್ ಕಿಟಕಿ ಪಕ್ಕ ಅಂತ ನಾನು ಅಂದುಕೊಂಡಿದ್ದೆ. ಅವನು ಚಾಪೆಯ ಮೇಲೆ ಪುಸ್ತಕ ಹರಡಿಕೊಂಡಿದ್ದು ಮೆಟ್ಟಿಲಿಗೆ ಬೆನ್ನು ಮಾಡಿ, ಮೂಲೆಯಲ್ಲಿ. ಅಲ್ಲೇ ಸೀಮೆಸುಣ್ಣದ ಗೀಟು ಹಾಕಿ ಪ್ಲಗ್ ಪಾಯಿಂಟ್ ಮಾಡಿಸಿದೆವು. ಕಿಟಕಿ ಪಕ್ಕದ ಟೇಬಲ್ ಯಜಮಾನರಿಗೆ ಆಯಿತು, ಹಗಲು ಕೆಲಸಕ್ಕೆ. ಜಮಖಾನ ಇನ್ನೂ ತಂದಿಲ್ಲ, ಧಾರವಾಡಕ್ಕೆ ಹೋಗುವವರಿಗೆ ಹೇಳಿಟ್ಟಿದ್ದೇನೆ. ಒಟ್ಟು ಖರ್ಚು 52 ಸಾವಿರ.

ಸರಿಹೋಗದ್ದೂ ಇದೆ. ವೀಣೆ, ಓದು ಎರಡೂ ಒಂದೇ ಹೊತ್ತಿಗೆ ಆಗುವುದಿಲ್ಲ. ಮಗಳಿಗೆ ಬೆಳಿಗ್ಗೆ ಆರರಿಂದ ಏಳು ಅಂತ ಮಾಡಿಕೊಂಡಿದ್ದೇವೆ. ಕೆಲವು ದಿನ ಏಳುತ್ತಾಳೆ, ಕೆಲವು ದಿನ ಇಲ್ಲ. ಎಂಜಿನಿಯರ್ ಅವರೇ, ಮಳೆ ಶುರುವಾಗಿದೆ, ಬಿದಿರಿನ ಪರದೆ ನೆನೆದು ಕಪ್ಪಗಾಗುತ್ತಿದೆ. ಬಿಚ್ಚಿ ಒಳಗಿಡಲೇ, ವಾರ್ನಿಶ್ ಹೊಡೆದರೆ ತಡೆಯುತ್ತಾ?

ಇನ್ನು ಅತ್ತೆ. ಎಂಟೂವರೆ ಆದರೆ ಈಗ ಸೌಂಡ್ ಇಟ್ಟುಕೊಂಡೇ ನೋಡುತ್ತಾರೆ. ಮೊದಲ ದಿನ ಅಭ್ಯಾಸಬಲದಿಂದ ಬಂದ್ ಮಾಡಿಯೇ ಕೂತಿದ್ದರು, ನಾನೇ ರಿಮೋಟು ತೆಗೆದುಕೊಂಡು ಹಾಕಿದೆ. ಮೊನ್ನೆ ಧಾರಾವಾಹಿ ಮುಗಿಯುವ ಹೊತ್ತಿಗೆ ಮಗ ನೀರಿಗೆ ಅಂತ ಇಳಿದು ಬಂದವನು ಕೊನೆ ಮೆಟ್ಟಿಲಲ್ಲೇ ನಿಂತು "ಅಜ್ಜಿ, ಅವಳ ಕಾಗದ ಸಿಕ್ತಾ?" ಅಂತ ಕೇಳಿದ. ಟೇಬಲ್ ಮೇಲೆ ಓದುತ್ತಿದ್ದ ಕಾಲದಲ್ಲಿ ಅವನೂ ಓರೆಗಣ್ಣಲ್ಲಿ ನೋಡುತ್ತಿದ್ದ ಅಂತ ಕಾಣುತ್ತೆ. ಅತ್ತೆ ಪಕ್ಕದ ಕುರ್ಚಿ ತೋರಿಸಿ "ಕೂತ್ಕೋ, ಹೇಳ್ತೀನಿ" ಅಂದರು. ಹತ್ತು ನಿಮಿಷ ಕೂತಿದ್ದ.

ಧಾರವಾಡ ಸಿವಿಲ್ ಎಂಜಿನಿಯರ್

ಬಿಚ್ಚಿ, ಒಣಗಿಸಿ, ಸುತ್ತಿ ಒಳಗಿಡಿ ಅಕ್ಕಾವರೆ. ಮಳೆಗಾಲದಲ್ಲಿ ಅದರ ಕೆಲಸವೂ ಇಲ್ಲ. ಫೆಬ್ರುವರಿಯಲ್ಲಿ ಮತ್ತೆ ಕಟ್ಟುವ ಮುಂಚೆ ಎರಡೂ ಕಡೆ ವಾರ್ನಿಶ್ ಹೊಡೆಯಿರಿ. ಜಮಖಾನ ನಾನೇ ಕಳಿಸಿಕೊಡುತ್ತೇನೆ, ಅಳತೆ ಹೇಳಿ.